ಈ ಬಾಗ್ಲಾ ಯಾರು ತೆಗದ್ರು? ವೋಚರ್ ಎಲ್ಲೈತಿ?

1/4

ಫೋಟೋದಾಗ ಇರೋದು ನಮ್ಮ ಮಾವನ ಅಂಗಡಿಯ ಹಳೇ ಕೀರ್ದಿ ಪುಸ್ತಕ. ಗದಗ ಎಪಿಎಂಸಿಯಾಗ ಕುಂತು ಬರದದ್ದು. ಪ್ರತಿ ಸಾಲಿನ ಮುಂದೂ ಯಾರಿಗೆ, ಯಾಕ, ಎಷ್ಟು ಅಂತ ಐತಿ. ಇವತ್ತಿನ ವಿಷಯ ಮಾತ್ರ ಫೈರ್‌ವಾಲ್. ಸ್ಕ್ರೋಲ್ ಮಾಡಬ್ಯಾಡ್ರಿ, ಇದು ಬಿಇ ಹುಡುಗರಿಗಲ್ಲ, ಬಿಕಾಂನವರಿಗೇ ಬರೀತಿರೋದು.

ನಿಮ್ಮಾಗ ಭಾಳ ಮಂದಿ ಸಂಜೆ ಟ್ಯಾಕ್ಸ್ ಆಫೀಸಿಗೆ ಟ್ಯಾಲಿ ಎಂಟ್ರಿ ಮಾಡಾಕ ಹೋಗ್ತೀರಿ. ನಾನೂ ಹೋಗ್ತೀನಿ, ಆಫೀಸಿನ ಹೆಸರು ಬ್ಯಾಡ. ಅಲ್ಲಿ ಟ್ಯಾಲಿ ಇರೋದು ಬಾಡಿಗೆ ತಗೊಂಡ ಸರ್ವರ್‌ನಾಗ. ಮನ್ಯಾಗ ಕುಂತವರು ರಿಮೋಟ್ ಡೆಸ್ಕ್‌ಟಾಪ್‌ನಿಂದ ಒಳಗ ಬರ್ತಾರ. ಒಂದು ಸರ್ವರ್‌ಗೆ ಪೋರ್ಟ್ ಅನ್ನೋ ಬಾಗ್ಲಾ 65,535 ಇರ್ತಾವ. ಯಾವ ಬಾಗ್ಲಾ ಯಾರಿಗೆ ತೆಗೀಬೇಕು ಅಂತ ಹೇಳೋದೇ ಫೈರ್‌ವಾಲ್ ನಿಯಮ. ರಿಮೋಟ್ ಡೆಸ್ಕ್‌ಟಾಪ್‌ನ ಬಾಗ್ಲಾ ನಂಬರ್ 3389.

ನಮ್ಮ ಆಫೀಸಿನ 3389 ಇಡೀ ಜಗತ್ತಿಗೇ ತೆಗದಿತ್ತು.

ಹುಬ್ಬಳ್ಳಿಯಾಗ ಸಿಸ್ಟಮ್ ಕೆಲಸ ಮಾಡೋ ನಮ್ಮ ದೊಡ್ಡಪ್ಪನ ಮಗ, ಅಣ್ಣ, ದೀಪಾವಳಿಗೆ ಲಕ್ಷ್ಮೇಶ್ವರಕ್ಕ ಬಂದಾಗ ನೋಡಿ ಕೇಳಿದ, 'ಇದನ್ನ ತೆಗದವರು ಯಾರು?' ಲಾಕ್‌ಡೌನ್ ಟೈಮ್‌ನಾಗ ಒಬ್ಬರು ತೆಗದಿದ್ದರಂತ. ಅವರು ಕೆಲಸ ಬಿಟ್ಟು ಯಾವುದೋ ಕಾಲ ಆಗಿತ್ತು. ಮುಚ್ಚೋಣು ಅಂದ್ರ ಎಲ್ಲರಿಗೂ ಅಂಜಿಕಿ. 20ನೇ ತಾರೀಖಿಗೆ ಜಿಎಸ್‌ಟಿ ರಿಟರ್ನ್ ಹಾಕಬೇಕು, ಮುಚ್ಚಿ ಟ್ಯಾಲಿ ಬಂದಾದ್ರ ಯಾರು ಜವಾಬ್ದಾರಿ? ಅಣ್ಣ ಸರ್ವರ್‌ನ ಲಾಗ್ ತೆಗದ. 4625 ಅನ್ನೋ ನಂಬರ್, ಅಂದ್ರ ತಪ್ಪು ಪಾಸ್‌ವರ್ಡ್ ಹಾಕಿದ ಲೆಕ್ಕ, ಪುಟಗಟ್ಟಲೆ. ರಾತ್ರಿ ಎರಡಕ್ಕ, ಮೂರಕ್ಕ, ಯಾವ್ಯಾವುದೋ ಐಪಿಯಿಂದ. ಒಳಗಿದ್ದದ್ದು ಬೆಟಗೇರಿ ಸೀರಿ ಅಂಗಡಿ, ಶಿರಹಟ್ಟಿ ಗೊಬ್ಬರದ ಅಂಗಡಿ ಇಂಥವರ ಪೂರಾ ಲೆಕ್ಕ, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್. ಯಾರಾದ್ರೂ ಒಳಗ ಬಂದು ಫೈಲಿಗೆ ಬೀಗ ಹಾಕಿ ರೊಕ್ಕ ಕೇಳಿದ್ರ ನಾವು ಏನು ಮಾಡ್ತಿದ್ವಿ ಅಂತ ಆ ರಾತ್ರಿ ನನಗ ನಿದ್ದಿ ಹತ್ತಲಿಲ್ಲ.

2/4

ಈಗ ನನ್ನ ವಾದ ಕೇಳ್ರಿ. 2023ರ ಏಪ್ರಿಲ್ 1ರಿಂದ ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಾಗ ಆಡಿಟ್ ಟ್ರೇಲ್ ಇರಲೇಬೇಕು ಅಂತ ನಾವು ಓದೀವಿ. ಒಂದು ಎಂಟ್ರಿ ತಿದ್ದಿದ್ರ ಯಾವಾಗ, ಏನು ತಿದ್ದಿದ್ರು ಅಂತ ಉಳೀಬೇಕು, ಅದನ್ನ ಆಫ್ ಮಾಡಾಕ ಬರಬಾರದು. ಅಂದ್ರ ಐವತ್ತು ರೂಪಾಯಿ ಚಹಾ ಖರ್ಚಿಗೆ ಎಡಿಟ್ ಲಾಗ್ ಬೇಕು. ಆ ಎಲ್ಲಾ ಪುಸ್ತಕ ಇಟ್ಟ ಕೋಣಿಯ ಬಾಗ್ಲಾ ತೆಗದವರು ಯಾರು ಅನ್ನೋದಕ್ಕ ಒಂದು ಚೀಟಿನೂ ಬ್ಯಾಡ! ಇದು ನನಗ ವಿಚಿತ್ರ ಅನಸ್ತೈತಿ.

ಅಣ್ಣ ತಂದ ಪರಿಹಾರದ ಹೆಸರು ಆನ್ಸಿಬಲ್. ಪುಕ್ಕಟೆ ಸಿಗೋ ಸಾಫ್ಟ್‌ವೇರ್, 2012ರಾಗ ಬಂದದ್ದು, 2015ರಾಗ ರೆಡ್ ಹ್ಯಾಟ್ ಕಂಪನಿ ಕೊಂಡುಕೊಂಡ್ತು. ಆಫೀಸಿನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿ ಅದರಾಗ ಕುಂದರಸಿದ್ವಿ. ಒಂದು ಫೈಲಿನ್ಯಾಗ ಬರೀತೀರಿ: ಈ ಪೋರ್ಟ್, ಈ ಐಪಿಯಿಂದ ಮಾತ್ರ, ಬಿಡು. ಅದು ಪ್ರತಿ ಸರ್ವರ್‌ಗೆ ಹೋಗಿ ಬರದಂಗ ಐತೋ ಇಲ್ಲೋ ನೋಡ್ತೈತಿ. ಇದ್ರ ಮುಟ್ಟೋದಿಲ್ಲ, ಇರದಿದ್ರ ಮಾಡ್ತೈತಿ. ಹತ್ತು ಸಲ ಓಡಿಸಿದ್ರೂ ಅದೇ ಫಲ. ಚೆಕ್ ಮೋಡ್ ಹಾಕಿದ್ರ ಏನೂ ಮಾಡದೇ 'ಇಷ್ಟು ಬದಲಾಗ್ತಿತ್ತು' ಅಂತ ತೋರಿಸ್ತೈತಿ, ಪೆನ್ಸಿಲ್‌ನಾಗ ಬರದು ನೋಡ್ದಂಗ.

'ಇರೋದು ಮೂರು ಸರ್ವರ್, ಅದಕ್ಕ ಇಷ್ಟೆಲ್ಲಾ ಯಾಕ? ಮೌಸ್ ಹಿಡದು ಐದು ನಿಮಿಷದಾಗ ಮುಗಸಬಹುದು' ಅಂದ್ರು ನಮ್ಮ ಸರ್. ಖರೇ, ಮುಗೀತೈತಿ. ಲಾಕ್‌ಡೌನ್‌ದಾಗ 3389 ತೆಗದದ್ದೂ ಐದೇ ನಿಮಿಷದಾಗ. ಕೆಲಸ ಲಗೂನ ಆಗಲಿ ಅಂತ ನಾನು ಆನ್ಸಿಬಲ್ ಬೇಕು ಅನ್ನೋದಲ್ಲ, ಬರದು ಇಡಬೇಕಾಗ್ತೈತಿ ಅಂತ. ಪ್ರತಿ ನಿಯಮದ ಮ್ಯಾಲ ಒಂದು ಸಾಲು: ಯಾರು ಕೇಳಿದ್ರು, ಯಾಕ, ಎಲ್ಲಿತನಕ. ಅದು ವೋಚರ್. ಫೈಲನ್ನ ಗಿಟ್‌ನಾಗ ಇಟ್ರ ಯಾರು ಯಾವಾಗ ತಿದ್ದಿದ್ರು ಅನ್ನೋದೂ ಉಳೀತೈತಿ. ಅದು ಎಡಿಟ್ ಲಾಗ್.

3/4

ಎರಡು ಕಡೆ ಎಡವಿದ್ವಿ, ಅದನ್ನೂ ಹೇಳಬೇಕು.

ಒಂದು, ನನ್ನದೇ ತಪ್ಪು. ಬ್ಯಾಕಪ್ ಇಡೋ ಲಿನಕ್ಸ್ ಸರ್ವರ್‌ನಾಗ 'ಎಲ್ಲಾ ಮುಚ್ಚು' ಅಂತ ಬರದೆ. ಆನ್ಸಿಬಲ್ ಒಳಗ ಹೋಗೋದು 22ನೇ ಬಾಗ್ಲಾದಿಂದ, ಅದನ್ನ ಬಿಡು ಅಂತ ಬರಿಯೋದು ಮರತೆ. ಮುಂದಿನ ಸಲ ಅದೂ ಹೊರಗ, ನಾನೂ ಹೊರಗ. ಸರ್ವರ್ ಕೊಟ್ಟವರ ಕನ್ಸೋಲ್‌ನಿಂದ ಒಳಗ ಹೋಗಿ ಸರಿ ಮಾಡೋದ್ರಾಗ ರಾತ್ರಿ ಹನ್ನೊಂದು. ಮೂರರಾಗ ಒಂದಕ್ಕ ಓಡಿಸಿದ್ದೆ ಅಂತ ಬಚಾವ್. ಆಟೊಮೇಷನ್ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲಾ ಕಡೆ ಹಂಚ್ತೈತಿ.

ಎರಡನೇದು ನನಗ ಭಾಳ ಸೇರಿತು. ಬ್ಯಾಡಾದ ನಿಯಮದ ಸಾಲನ್ನ ಫೈಲಿನಿಂದ ಅಳಿಸಿದೆ. ಸರ್ವರ್‌ನಾಗ ಬಾಗ್ಲಾ ಹಂಗೇ ತೆಗದಿತ್ತು! ಅಳಿಸಿದ್ರ ಆನ್ಸಿಬಲ್‌ಗೆ ಆ ವಿಷಯನೇ ಗೊತ್ತಿರೋದಿಲ್ಲ, ಗೊತ್ತಿಲ್ಲದ್ದನ್ನ ಅದು ಮುಟ್ಟೋದಿಲ್ಲ. 'ಈ ನಿಯಮ ತೆಗದುಹಾಕು' ಅಂತ ಬ್ಯಾರೇ ಬರದು ಓಡಿಸಬೇಕು. ಫಸ್ಟ್ ಸೆಮ್‌ನಾಗ ಕಲ್ತದ್ದು ನೆನಪಾಯ್ತೇನ್ರಿ? ತಪ್ಪು ಎಂಟ್ರಿ ರಬ್ಬರ್‌ನಿಂದ ಅಳಿಸಂಗಿಲ್ಲ, ರಿವರ್ಸ್ ಎಂಟ್ರಿ ಹಾಕಬೇಕು. ಅಣ್ಣಗ ಇದನ್ನ ಹೇಳಿದ್ರ ಅವ ನಕ್ಕ, 'ನಮ್ಮ ಟೀಮ್‌ನವರಿಗೆ ಇದನ್ನ ತಿಳಿಸಾಕ ನನಗ ಒಂದು ವಾರ ಹಿಡೀತು' ಅಂದ.

4/4

ಫೈರ್‌ವಾಲ್ ಹಾಕಿದ್ರ ಎಲ್ಲಾ ಮುಗೀತು ಅಂತಲ್ಲ. 2025ರ ಜನವರಿಯಾಗ ಕಾವೇರಿ 2.0 ಪೋರ್ಟಲ್ ಮ್ಯಾಲ ದಾಳಿ ಆತಲ್ಲ, ಆಗ ಆಸ್ತಿ ನೋಂದಣಿಗೆ, ಇಸಿಗೆ ಹೋದ ಮಂದಿ ರಾಜ್ಯದ ತುಂಬ ಪರದಾಡಿದ್ರು. 62 ಅಕೌಂಟ್, 14 ಐಪಿ, ಎರಡು ತಾಸಿನ್ಯಾಗ 6.2 ಲಕ್ಷ ವಿನಂತಿ ಅಂತ ವರದಿ ಬಂತು. ಅವರು ಬಂದದ್ದು ಮಂದಿಗಾಗಿ ತೆಗದು ಇಡಲೇಬೇಕಾದ ಬಾಗ್ಲಾದಿಂದ, ಇಸಿ ಹುಡುಕೋ ನೆಪದಾಗ. ಅಂಥಲ್ಲಿ ಪೋರ್ಟ್ ಮುಚ್ಚೋ ನಿಯಮ ಸಾಲೋದಿಲ್ಲ, ಒಬ್ಬರು ಎಷ್ಟು ಸಲ ಕೇಳಬಹುದು ಅನ್ನೋ ಮಿತಿ ಬೇಕು. ಆದ್ರ ನಮ್ಮ 3389 ಮಂದಿಗಾಗಿ ತೆಗದದ್ದಲ್ಲ. ಈಗ ಅದು ವಿಪಿಎನ್ ಒಳಗಿಂದ ಮಾತ್ರ ತೆಗೀತೈತಿ. 4625ರ ಸಾಲು ನಿಂತು ಹೋದ್ವು. ಆ ತಿಂಗಳ ರಿಟರ್ನ್‌ಗೆ ಏನೂ ಅಡ್ಡಿ ಆಗಲಿಲ್ಲ.

ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಾಗ ಆಫೀಸಿಗೆ ಹೋಗೋರು ಸೋಮವಾರ ಒಂದೇ ಪ್ರಶ್ನೆ ಕೇಳ್ರಿ: ನಮ್ಮ ಟ್ಯಾಲಿ ಸರ್ವರ್‌ನಾಗ ಯಾವ ಬಾಗ್ಲಾ ತೆಗದೈತಿ, ಯಾಕ? ಆನ್ಸಿಬಲ್ ಆಮ್ಯಾಲ ನೋಡೋಣು, ಮೊದಲು ಒಂದು ನೋಟ್‌ಬುಕ್ಕಿನ್ಯಾಗ ಬರೀರಿ. 'ನೀ ಬಿಕಾಂ, ನಿನಗ್ಯಾಕ ಇದು' ಅಂದ್ರ ಆಡಿಟ್ ಟ್ರೇಲ್ ವಿಷಯ ತೆಗೀರಿ.

ನಮ್ಮ ಫೈಲೂ ಇನ್ನೂ ಚೊಕ್ಕ ಆಗಿಲ್ಲ. 9000ನೇ ಪೋರ್ಟ್, ಮುಂಡರಗಿಯ ಒಂದು ಐಪಿಗೆ ಬಿಟ್ಟದ್ದು. ಆ ಪಾರ್ಟಿ ನಮ್ಮನ್ನ ಬಿಟ್ಟು ಬ್ಯಾರೇ ಆಡಿಟರ್ ಹತ್ರ ಹೋಗಿ ಒಂದು ವರ್ಷ ಆತಂತ. ಸರ್ 'ಇರಲಿ ಬಿಡು' ಅಂದಾರ. ನಾನು ಅದರ ಮ್ಯಾಲ ಬರದಿಟ್ಟೀನಿ: ಕಾರಣ ಗೊತ್ತಿಲ್ಲ, 20ನೇ ತಾರೀಖು ಮುಗಿದ ಮ್ಯಾಲ ಮತ್ತ ಕೇಳಬೇಕು.