ಎಂಜಿನ್ ಆಯಿಲ್: ಆಯ್ಕೆ ಯಾರದು?

ಕಟ್ಟೆಮಳಲವಾಡಿಯ ತಂಬಾಕು ಹರಾಜು ಮಾರುಕಟ್ಟೆಗೆ ಬೇಲು ತರುವ ರೈತನಿಗೆ ದರ್ಜೆ ಎಂದರೇನೆಂದು ಯಾರೂ ಪಾಠ ಹೇಳಬೇಕಾಗಿಲ್ಲ. ಎಲೆಯ ಬಣ್ಣ, ಅದರ ಮೈ, ಗಿಡದಲ್ಲಿ ಅದು ಬೆಳೆದ ಸ್ಥಾನ ಇವೆಲ್ಲವನ್ನೂ ನೋಡಿ ಮನೆಯಲ್ಲಿಯೇ ವಿಂಗಡಿಸಿ ತರುವ ಆತ, ಒಂದು ದರ್ಜೆಯೊಡನೆ ಇನ್ನೊಂದು ಬೆರೆತರೆ ಆಗುವ ನಷ್ಟವನ್ನು ಚೆನ್ನಾಗಿ ಬಲ್ಲ. ಅದೇ ರೈತ ಅದೇ ಸಂಜೆ ತನ್ನ ಕಾರಿಗೆ ಎಂಜಿನ್ ಆಯಿಲ್ ಕೊಳ್ಳಲು ಹುಣಸೂರಿನ ಅಂಗಡಿಯೊಂದಕ್ಕೆ ಬಂದಾಗ ಮಾತ್ರ ದರ್ಜೆಯ ಮಾತೇ ಏಳುವುದಿಲ್ಲ. "ಯಜಮಾನ್ರೇ, ಒಳ್ಳೇದೊಂದು ಕೊಡಿ, ಸ್ವಲ್ಪ ಮಂದವಾಗಿರ್ಲಿ" ಎನ್ನುತ್ತಾನೆ. ಅಂಗಡಿಯವನೂ ಯಾವ ಕಾರು, ಯಾವ ವರ್ಷದ್ದು, ಪೆಟ್ರೋಲೋ ಡೀಸೆಲ್ಲೋ ಎಂದು ಕೇಳದೆ ಕೈಗೆ ಸಿಕ್ಕ ಕ್ಯಾನನ್ನು ಮುಂದಿಡುತ್ತಾನೆ. ವಾಹನ ಬಿಡಿಭಾಗಗಳ ವ್ಯಾಪಾರದಲ್ಲಿರುವ ಈ ಲೇಖಕನೂ ಬಹುಕಾಲ ಹಾಗೆಯೇ ಮಾಡಿದವನು. ಆದುದರಿಂದ ಇಲ್ಲಿ ಬರೆಯುತ್ತಿರುವುದು ಅನ್ಯರ ಮೇಲಿನ ದೂರಲ್ಲ.

ಹನಗೋಡು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕಡೆಗಳಲ್ಲಿ ತಮ್ಮ ಕಾರಿನ ಸರ್ವೀಸನ್ನು ತಾವೇ ಮಾಡಿಕೊಳ್ಳುವವರು ಕಡಿಮೆಯೇನಿಲ್ಲ. ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳನ್ನು ಬಿಚ್ಚಿ ಜೋಡಿಸಿ ಪಳಗಿದ ಕೈಗಳಿಗೆ ಕಾರಿನ ಡ್ರೈನ್ ಬೋಲ್ಟು ದೊಡ್ಡದಲ್ಲ. ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಹೋಗಿಬಂದರೆ ಒಂದು ದಿನದ ಕೆಲಸ ಕೆಡುತ್ತದೆ, ಕೂಲಿಯೂ ಉಳಿಯುತ್ತದೆ. ಇದು ತಪ್ಪೆಂದು ನಾನು ಹೇಳಲಾರೆ. ಬೋಲ್ಟು ಬಿಚ್ಚುವುದರಲ್ಲಿ ಇವರು ಸೋಲುವುದಿಲ್ಲ, ಸೋಲುವುದು ಕ್ಯಾನನ್ನು ಆರಿಸುವುದರಲ್ಲಿ. ಆ ಸೋಲಿನಲ್ಲಿ ನಮ್ಮ ವ್ಯಾಪಾರಿ ವರ್ಗದ ಪಾಲು ದೊಡ್ಡದು.

ನನ್ನ ಕಣ್ಣು ತೆರೆಸಿದ ಪ್ರಸಂಗವನ್ನು ಹೇಳಬೇಕು. ಹನಗೋಡಿನ ಕಡೆಯ ನಮ್ಮ ಹಳೆಯ ಗಿರಾಕಿಯೊಬ್ಬರು ಭಾರತ್ ಸ್ಟೇಜ್-6 ಮಾದರಿಯ ಡೀಸೆಲ್ ಕಾರನ್ನು ಕೊಂಡಿದ್ದರು. ಉಚಿತ ಸರ್ವೀಸುಗಳು ಮುಗಿದ ಬಳಿಕ ಆಯಿಲನ್ನು ತಾವೇ ಬದಲಾಯಿಸತೊಡಗಿದರು. ಅವರ ಮನೆಯ ಹಳೆಯ ಜೀಪಿಗೆ ಕೊಡುತ್ತಿದ್ದ 15ಡಬ್ಲ್ಯೂ-40 ಆಯಿಲನ್ನೇ ನಾನು ಈ ಕಾರಿಗೂ ಕೊಟ್ಟೆ. ಎರಡು ವರ್ಷ ಯಾವ ತೊಂದರೆಯೂ ಕಾಣಲಿಲ್ಲ. ಅನಂತರ, ಸರಿಯಾಗಿ ಹರಾಜಿನ ದಿನಗಳಲ್ಲಿ, ಎಚ್ಚರಿಕೆಯ ದೀಪ ಉರಿದು ಎಂಜಿನ್ನಿನ ಬಲವೇ ಕುಗ್ಗಿತು. ಹೊಗೆಕೊಳವೆಯಲ್ಲಿರುವ ಮಸಿ ಸೋಸುವ ಸಾಧನ, ಅಂದರೆ ಡಿ.ಪಿ.ಎಫ್., ಕಟ್ಟಿಕೊಂಡಿತ್ತು. ಅದರ ದುರಸ್ತಿಗೆ ತಗುಲಿದ ಹಣದಲ್ಲಿ ಹಲವು ವರ್ಷಗಳ ಆಯಿಲ್ ಬರುತ್ತಿತ್ತು. ಎಣ್ಣೆಯೊಂದೇ ಕಾರಣವೆಂದು ನಾನು ಪ್ರಮಾಣ ಮಾಡಲಾರೆ. ಮನೆಯಿಂದ ಬ್ಯಾರನ್ನಿಗೆ, ಬ್ಯಾರನ್ನಿನಿಂದ ಪೇಟೆಗೆ ಎಂಬ ಚಿಕ್ಕ ಓಡಾಟಗಳೂ ಕಾರಣವಾಗಿರಬಹುದು. ಆದರೆ ಆ ಕಾರಿನ ಕೈಪಿಡಿಯನ್ನು ತರಿಸಿ ಓದಿದಾಗ, ಅದರಲ್ಲಿ ಮುದ್ರಿತವಾಗಿದ್ದ ಆಯಿಲ್ ಬೇರೆ, ನಾನು ಕೊಟ್ಟದ್ದೇ ಬೇರೆ. ಆ ಗಿರಾಕಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು.

ಮೊದಲು ಮಂದತನದ ಮೋಹವನ್ನು ನೋಡೋಣ. ಅಂಬಾಸಿಡರ್, ಹಳೆಯ ಜೀಪುಗಳ ಕಾಲದಲ್ಲಿ ಎಂಜಿನ್ ಭಾಗಗಳ ನಡುವಣ ಸಂದು ಅಗಲವಾಗಿದ್ದು, ಸವೆದಷ್ಟೂ ಇನ್ನಷ್ಟು ಅಗಲವಾಗುತ್ತಿತ್ತು. 20ಡಬ್ಲ್ಯೂ-40, 20ಡಬ್ಲ್ಯೂ-50 ಆಯಿಲುಗಳಿಗೆ ಆಗ ಅರ್ಥವಿತ್ತು. ಈಗಿನ ಎಂಜಿನ್ನುಗಳ ಎಣ್ಣೆದಾರಿಗಳು ಕಿರಿದು; ಕವಾಟಗಳ ತೆರೆಯುವಿಕೆಯನ್ನು ಹಿಂದುಮುಂದು ಮಾಡುವ ವ್ಯವಸ್ಥೆಯೂ ಅನೇಕ ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದಲೇ ನಡೆಯುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತುವ ಟರ್ಬೋದ ದಂಡಕ್ಕೆ ಎಣ್ಣೆ ತಕ್ಷಣ ತಲುಪಬೇಕು. ಇಂಥ ಎಂಜಿನ್ನಿಗೆ ಮಂದವಾದುದನ್ನು ಸುರಿಯುವುದು ಬಲ ಕೊಟ್ಟಂತಲ್ಲ, ದಾರಿ ಕಟ್ಟಿದಂತೆ. ಇತ್ತೀಚಿನ ಕೆಲವು ಪೆಟ್ರೋಲ್ ಕಾರುಗಳಿಗೆ ತಯಾರಕರು 0ಡಬ್ಲ್ಯೂ-20, 0ಡಬ್ಲ್ಯೂ-16ರಷ್ಟು ತೆಳುವಾದುದನ್ನೇ ಸೂಚಿಸುತ್ತಾರೆ. ಅದನ್ನು ಬೆರಳಿನ ನಡುವೆ ಉಜ್ಜಿ ನೋಡಿ "ಇದು ನೀರು" ಎಂದು ಹಿಂದಕ್ಕೆ ಕೊಟ್ಟವರೂ ನಮ್ಮಲ್ಲಿದ್ದಾರೆ.

ಈ ಅಂಕಿಗಳ ಅರ್ಥ ಸರಳ. ಡಬ್ಲ್ಯೂ ಅಕ್ಷರದ ಹಿಂದಿನ ಅಂಕಿ ಚಳಿಯಲ್ಲಿನ ಹರಿವನ್ನು, ಮುಂದಿನದು ಕಾದಾಗಿನ ಸ್ನಿಗ್ಧತೆಯನ್ನು ತಿಳಿಸುತ್ತದೆ. 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 30ರ ಎಣ್ಣೆಯ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್‌ಗಳೊಳಗೆ, 40ರದ್ದು 12.5ರಿಂದ 16.3ರೊಳಗೆ ಇರಬೇಕು. ಚಳಿಯ ಅಂಕಿಯನ್ನು ಪರೀಕ್ಷಿಸುವುದು ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲಾದುದರಿಂದ ನಮ್ಮ ಊರಿಗೆ ಅದು ಬೇಡವೆಂದು ವಾದಿಸುವವರುಂಟು. ಮಾರ್ಗಶಿರದ ಮುಂಜಾವಿನಲ್ಲಿಯೂ ಹನಗೋಡಿನಲ್ಲಿ ಎಣ್ಣೆ ಹೆಪ್ಪುಗಟ್ಟುವುದಿಲ್ಲ, ನಿಜ. ಆದರೂ ರಾತ್ರಿಯೆಲ್ಲ ನಿಂತ ಎಂಜಿನ್ನನ್ನು ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಎಣ್ಣೆ ಎಷ್ಟು ಬೇಗ ಮೇಲೇರುತ್ತದೆಂಬುದಕ್ಕೆ ಆ ಅಂಕಿ ಇಲ್ಲಿಯೂ ಸಂಬಂಧಪಟ್ಟದ್ದೇ.

ಅಂಕಿ ಹೊಂದಿದರೆ ಕೆಲಸ ಮುಗಿಯಿತೆಂದು ತಿಳಿಯುವುದು ಎರಡನೆಯ ತಪ್ಪು. ಕೈಪಿಡಿಯಲ್ಲಿ ಅಂಕಿಯ ಜೊತೆಗೆ ಗುಣಮಟ್ಟದ ಸಂಕೇತವೊಂದು ಇರುತ್ತದೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ, ಅಂದರೆ ಎ.ಪಿ.ಐ.ನ, ಸಂಕೇತಗಳಲ್ಲಿ 'ಎಸ್' ಎಂದು ಆರಂಭವಾಗುವುದು ಪೆಟ್ರೋಲಿಗೆ, 'ಸಿ' ಎಂದು ಆರಂಭವಾಗುವುದು ಡೀಸೆಲಿಗೆ. ಪೆಟ್ರೋಲಿನಲ್ಲಿ ಎಸ್.ಪಿ. 2020ರಲ್ಲಿ ಬಂದಿತು, ಎಸ್.ಕ್ಯೂ. 2025ರಲ್ಲಿ. ಯೂರೋಪಿನ ತಯಾರಕರ ಸಂಘವಾದ ಎ.ಸಿ.ಇ.ಎ.ಯ ಸಿ2, ಸಿ3 ಎಂಬ ಸಂಕೇತಗಳು ಬೂದಿಯ ಅಂಶ ಕಡಿಮೆಯಿರುವ ಎಣ್ಣೆಗಳವು. ದೇಶಾದ್ಯಂತ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳಲ್ಲಿ ಡಿ.ಪಿ.ಎಫ್. ಸಾಮಾನ್ಯವಾಯಿತು. ಅದರಲ್ಲಿ ಸೇರುವ ಮಸಿಯನ್ನು ಕಾರು ತಾನೇ ಸುಟ್ಟುಕೊಳ್ಳಬಲ್ಲದು. ಎಣ್ಣೆಯಲ್ಲಿನ ಲೋಹಾಂಶ ಉರಿದು ಉಳಿಯುವ ಬೂದಿಯನ್ನು ಸುಡಲಾರದು. ನಮ್ಮ ಗಿರಾಕಿಯ ಕಾರಿಗೆ ನಾನು ಕೊಟ್ಟ ಎಣ್ಣೆಯಲ್ಲಿ ದೋಷವಿರಲಿಲ್ಲ. ಅದು ಬೇರೆ ಕಾಲದ ಎಂಜಿನ್ನಿಗೆ ಹೇಳಿದ್ದು, ಅಷ್ಟೆ. ಮಸಿ ಸುಡುವ ಕ್ರಿಯೆಯು ಚಿಕ್ಕ ಓಡಾಟಗಳಿಂದ ಅರ್ಧಕ್ಕೆ ನಿಂತಾಗ ಡೀಸೆಲ್ ಎಣ್ಣೆಗೆ ಇಳಿಯುವುದೂ ಉಂಟು. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ತಾನಾಗಿ ಏರಿದ್ದರೆ ಸಂತೋಷಪಡಬಾರದು.

ಎಣ್ಣೆ ಬೇಗ ಕಪ್ಪಾದರೆ ಕಳಪೆ ಎಂಬ ನಂಬಿಕೆಯನ್ನೂ ಬಿಡಬೇಕು. ಡೀಸೆಲ್ ಎಂಜಿನ್ನಿನಲ್ಲಿ ಒಳ್ಳೆಯ ಎಣ್ಣೆಯೂ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸಗಳಲ್ಲೊಂದು. ಇನ್ನು ಕಾರಿಗೆ ಹಾಕಿ ಮಿಕ್ಕ ಅರ್ಧ ಲೀಟರನ್ನು ಬೈಕಿಗೆ ಸುರಿಯುವ ಅಭ್ಯಾಸ. ಬಹುಪಾಲು ಬೈಕುಗಳ ಕ್ಲಚ್ಚು ಎಂಜಿನ್ ಎಣ್ಣೆಯಲ್ಲಿಯೇ ಮುಳುಗಿರುತ್ತದೆ. ಘರ್ಷಣೆ ತಗ್ಗಿಸುವ ಅಂಶಗಳಿರುವ ಕಾರಿನ ಎಣ್ಣೆಯಿಂದ ಅದು ಜಾರತೊಡಗಬಹುದು. ಬೈಕಿಗೆ ಜಾಸೋ ಎಂ.ಎ. ಅಥವಾ ಎಂ.ಎ.2 ಎಂಬ ಗುರುತಿನ ಎಣ್ಣೆಯೇ ಬೇಕು.

ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂಬುದನ್ನೂ ಕೈಪಿಡಿಯೇ ಹೇಳುತ್ತದೆ. ಧೂಳಿನ ರಸ್ತೆ, ಚಿಕ್ಕ ಓಡಾಟ, ಭಾರದ ಹೇರು ಇದ್ದಲ್ಲಿ ಅನೇಕ ತಯಾರಕರು ಅವಧಿಯನ್ನು ಕಡಿಮೆ ಮಾಡಲು ಪ್ರತ್ಯೇಕವಾಗಿ ಸೂಚಿಸಿರುತ್ತಾರೆ; ನಮ್ಮ ಸೀಮೆಯ ಕಾರುಗಳಲ್ಲಿ ಬಹಳಷ್ಟು ಆ ಪಟ್ಟಿಗೆ ಸೇರಿದವು. ಕಿಲೋಮೀಟರ್ ತುಂಬದಿದ್ದರೂ ಕೈಪಿಡಿ ಹೇಳಿದ ತಿಂಗಳುಗಳು ತುಂಬಿದರೆ ಬದಲಾಯಿಸಬೇಕು, ಫಿಲ್ಟರನ್ನೂ ಸಹ.

ಈಗ ನಮ್ಮ ಗಲ್ಲಾಪೆಟ್ಟಿಗೆಯ ಈಚೆಗೆ ಬರೋಣ. ಆಯ್ಕೆ ಮಾಡುವವರು ಯಾರು? ಗಿರಾಕಿ ಮೆಕ್ಯಾನಿಕ್ಕನ್ನು ನಂಬುತ್ತಾನೆ, ಮೆಕ್ಯಾನಿಕ್ ಕ್ಯಾನಿನೊಳಗಿನ ಕೂಪನ್ನನ್ನು ನೋಡುತ್ತಾನೆ, ನಾವು ಯಾವುದರಲ್ಲಿ ಲಾಭಾಂಶ ಹೆಚ್ಚೆಂದು ನೋಡುತ್ತೇವೆ. ಕಾರಿನ ಕೈಪಿಡಿಯನ್ನು ನೋಡುವವರು ಯಾರೂ ಇಲ್ಲ. ಪೀಪಾಯಿಯಿಂದ ಅಳೆದು ಕೊಡುವ ಬಿಡಿ ಎಣ್ಣೆಯಂತೂ ಯಾವ ಸಂಕೇತವನ್ನೂ ಹೊತ್ತಿರುವುದಿಲ್ಲ. ಹೆಸರಾಂತ ಬ್ರ್ಯಾಂಡಿನ ಖಾಲಿ ಕ್ಯಾನುಗಳಿಗೆ ಕಳಪೆ ಎಣ್ಣೆ ತುಂಬಿ ಮಾರುವ ದಂಧೆ ನಡೆಯುವುದು ಆ ಖಾಲಿ ಕ್ಯಾನುಗಳು ಇಡಿಯಾಗಿ ಗುಜರಿಗೆ ಸೇರುವುದರಿಂದ. ಕ್ಯಾನಿನ ಮೇಲೆ ತಯಾರಕರ ಹೆಸರು ವಿಳಾಸ, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ ಇರಬೇಕೆಂದು 2011ರ ಪೊಟ್ಟಣ ಸಾಮಗ್ರಿ ನಿಯಮಗಳು ವಿಧಿಸಿವೆ. ಅವನ್ನೂ ಮುಚ್ಚಳದ ಸೀಲನ್ನೂ ನೋಡಿ, ಬಿಲ್ಲು ಪಡೆದು ಕೊಳ್ಳುವ ಗಿರಾಕಿಗೆ ಮೋಸದ ಭಯ ಕಡಿಮೆ. ಬಿಲ್ಲು ಕೊಡಲು ಹಿಂಜರಿಯುವ ಅಂಗಡಿಯ ವಿಷಯ ಬೇರೆ ಹೇಳಬೇಕಿಲ್ಲ.

ತೆಗೆದ ಹಳೆಯ ಎಣ್ಣೆಯ ಗತಿಯೇನು? ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಂತೆ ಬಳಿಯುವುದು, ಚರಂಡಿಗೆ ಚೆಲ್ಲುವುದು ನಡೆದೇ ಇದೆ. ಹನಗೋಡು ಅಣೆಕಟ್ಟಿನ ನಾಲೆಗಳಲ್ಲಿ ಹರಿಯುವುದು ಲಕ್ಷ್ಮಣತೀರ್ಥದ ನೀರು; ಆ ನದಿ ಮುಂದೆ ಸೇರುವುದು ಕೃಷ್ಣರಾಜಸಾಗರದ ಹಿನ್ನೀರನ್ನು. ಬಳಸಿದ ಎಣ್ಣೆ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. 2024ರ ಏಪ್ರಿಲ್ 1ರಿಂದ ಅದರ ಮರುಸಂಸ್ಕರಣೆಯ ಹೊಣೆಯನ್ನು ಉತ್ಪಾದಕರ ಮೇಲೂ ಹೊರಿಸಲಾಗಿದೆ. ಆದರೆ ಒಂದು ಕಾರಿನ ಮೂರು ನಾಲ್ಕು ಲೀಟರನ್ನು ಹಳ್ಳಿಯ ಮನೆಯಿಂದ ಕೊಂಡೊಯ್ಯಲು ಯಾರೂ ಬರುವುದಿಲ್ಲ. ಕೊಂಡ ಅಂಗಡಿಗೇ ಅದು ಮರಳಿ ಬರಬೇಕು.

ಸಂಘದ ಮುಂದೆ ನನ್ನ ಸೂಚನೆ ಇಷ್ಟು. ಆಯಿಲ್ ಮಾರುವ ಸದಸ್ಯರು ನಮ್ಮ ಸೀಮೆಯಲ್ಲಿ ಓಡುವ ಕಾರುಗಳ ಹೆಸರು, ವರ್ಷ, ಇಂಧನ, ಕೈಪಿಡಿ ಹೇಳಿದ ಅಂಕಿ ಮತ್ತು ಸಂಕೇತ ಇವುಗಳ ಪಟ್ಟಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಿ ಗೋಡೆಗೆ ತೂಗುಹಾಕಲಿ. ಪಟ್ಟಿಯಲ್ಲಿ ಇಲ್ಲದ ಕಾರಿಗೆ ಕೈಪಿಡಿ ತರಿಸಿ ನೋಡದೆ ಕೊಡದಿರಲಿ. ಖಾಲಿ ಕ್ಯಾನುಗಳನ್ನು ತೂತು ಮಾಡಿಯೇ ಗುಜರಿಗೆ ಹಾಕಲಿ. ಹಳೆಯ ಎಣ್ಣೆಯನ್ನು ಮುಚ್ಚಳದ ಡಬ್ಬಿಗಳಲ್ಲಿ ಹಿಂದಕ್ಕೆ ಪಡೆದು, ಪರವಾನಗಿಯುಳ್ಳ ಸಂಸ್ಕರಣಾಗಾರರಿಗೆ ಒಟ್ಟಾಗಿ ಕಳುಹಿಸುವ ಏರ್ಪಾಟನ್ನು ಸಂಘವೇ ಮಾಡಲಿ. ಬಿಡಿ ಎಣ್ಣೆಯ ಪೀಪಾಯಿಯನ್ನು ನಾನು ನಮ್ಮ ಅಂಗಡಿಯಿಂದ ಈಗಾಗಲೇ ತೆಗೆದಿದ್ದೇನೆ. ಮೊದಲ ತಿಂಗಳು ವ್ಯಾಪಾರ ಇಳಿಯಿತು, ಮುಚ್ಚಿಡುವುದೇಕೆ? ಹನಗೋಡಿನ ಆ ಗಿರಾಕಿ ಮಾತ್ರ ಕಳೆದ ಬಾರಿ ಬಂದಾಗ ಕೈಪಿಡಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದರು.