ಕಾವೇರಿಯ ಬಿಳಿಮೀನಿಗೆ ದಿಕ್ಕು ಯಾರು?

ಭವಾನಿಪುರಂನ ಪುಣ್ಣಮಿ ಘಾಟಿನ ಮೆಟ್ಟಿಲ ಮೇಲೆ ಸಂಜೆ ಹೊತ್ತು ಕುಳಿತರೆ ಎದುರಿಗೆ ಭವಾನಿ ದ್ವೀಪ. ಆಚೆ, 1957ರಲ್ಲಿ ಕಟ್ಟಿ ಮುಗಿಸಿದ ಪ್ರಕಾಶಂ ಬ್ಯಾರೇಜು ತಡೆದು ನಿಲ್ಲಿಸಿದ ಕೃಷ್ಣೆ. ಈ ನೀರಿನಲ್ಲಿ ಶೃಂಗೇರಿಯ ತುಂಗೆಯೂ ಇದ್ದಾಳೆ, ವಿಜಯಪುರ ಸೀಮೆಯ ಭೀಮೆಯೂ ಇದ್ದಾಳೆ ಎಂದು ಹೇಳಿಕೊಂಡು ಹೊರನಾಡಿನ ನಾವು ಸಮಾಧಾನಪಡುವುದುಂಟು. ತಪ್ಪೇನಲ್ಲ. ಆದರೆ ಇದೇ ಕೃಷ್ಣೆಯ ಬಳಗದ ಒಂದು ಮೀನನ್ನು ಕೊಂಡೊಯ್ದು ನಮ್ಮ ಕಾವೇರಿಗೆ ಬಿಟ್ಟು, ಕಾವೇರಿಯ ಸ್ವಂತ ಮೀನನ್ನು ಅಳಿವಿನ ಅಂಚಿಗೆ ತಂದ ಕಥೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

‘ನಮಗೇಕೆ ಮೀನಿನ ಉಸಾಬರಿ? ನಮ್ಮಲ್ಲಿ ಅರ್ಧ ಜನ ಮೀನು ಮುಟ್ಟುವವರೇ ಅಲ್ಲ’ ಎಂದು ಕೆಲವರು ಮೂಗು ಮುರಿಯಬಹುದು. ಅವರಿಗೆ ನಾವು ಹೇಳುವುದಿಷ್ಟೇ: ಶೃಂಗೇರಿಗೆ ಹೋದಾಗ ತುಂಗೆಯ ಮೀನುಗಳಿಗೆ ಪುರಿ ಎಸೆಯದೆ ಬಂದವರು ನಮ್ಮಲ್ಲಿ ಯಾರಿದ್ದಾರೆ? ತಿನ್ನುವವರಿಗೆ ಮಾತ್ರ ಮೀನಿನ ಚಿಂತೆ ಇರಬೇಕೆಂದರೆ, ಹಾಡುವವರಿಗೆ ಮಾತ್ರ ಕೋಗಿಲೆಯ ಚಿಂತೆ ಇರಬೇಕೆಂದಂತಾಯಿತು.

ಕಾವೇರಿಯ ಮಹಶೀರನ್ನು ನದಿ ದಂಡೆಯ ಜನ ಬಿಳಿಮೀನು ಎನ್ನುತ್ತಾರೆ. ಅದರಲ್ಲಿ ಕಾವೇರಿಯದೇ ಆದ ಜಾತಿಗೆ ತಲೆಯ ಹಿಂದೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ. ಗಾಳ ಹಾಕುವ ಹವ್ಯಾಸಿಗಳಿಗೆ ಇದು ಜಗತ್ಪ್ರಸಿದ್ಧ ಮೀನು. 1873ರಲ್ಲಿ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಭಾರತದ ಗಾಳದ ಬೇಟೆಯ ಮೇಲೆ ಪುಸ್ತಕವನ್ನೇ ಬರೆದಾಗ ಮಹಶೀರಿಗೆ ಅಗ್ರಪೂಜೆ ಸಂದಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ 54 ಕಿಲೋ ತೂಗಿತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಗಳ ಮಡುಗಳಲ್ಲಿ ಹರಿಗೋಲು ಹತ್ತಿ, ಗಾಳಕ್ಕೆ ರಾಗಿ ಮುದ್ದೆ ಕಟ್ಟಿ ಕಾಯುವುದಕ್ಕೆಂದೇ ವಿಲಾಯತಿಯಿಂದ ಜನ ಬರುತ್ತಿದ್ದರು. ನಮ್ಮ ಮುದ್ದೆಯ ರುಚಿ ಕಂಡ ಮೀನು ಎಂದ ಮೇಲೆ ಅದು ನಮ್ಮದಲ್ಲದೆ ಇನ್ಯಾರದು?

ಇಷ್ಟು ಹೆಸರುವಾಸಿಯಾದ ಮೀನಿಗೆ ಸರಿಯಾದ ಶಾಸ್ತ್ರೀಯ ಹೆಸರು ಯಾವಾಗ ಬಂತು ಬಲ್ಲಿರಾ? 2018ರಲ್ಲಿ! ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ವರ್ಣಿಸಲಾಗಿದ್ದ ಟಾರ್ ರೆಮಾದೇವಿ ಎಂಬುದೇ ಕಾವೇರಿಯ ಗೂನುಬೆನ್ನಿನ ಮಹಶೀರು ಎಂದು ಆ ವರ್ಷ ವಿಜ್ಞಾನಿಗಳು ತೋರಿಸಿಕೊಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದು ‘ಅಳಿವಿನ ತೀವ್ರ ಅಪಾಯ’ದ ಸಾಲಿಗೆ ಸೇರಿತು. ನಾಮಕರಣಕ್ಕೂ ಮರಣದ ಎಚ್ಚರಿಕೆಗೂ ಒಂದೇ ವರ್ಷ. ಇಂಥ ದುರ್ವಿಧಿ ಬೇರೆ ಯಾವ ಮೀನಿಗೆ ಬಂದೀತು?

ಇನ್ನು ಎದುರಾಳಿಯ ವಿಷಯ. ನೀಲಿ ರೆಕ್ಕೆಯ ಮಹಶೀರು ಕೃಷ್ಣಾ ಕೊಳ್ಳದ ಮೀನು. ಪುಣೆಯ ಮುಳಾ-ಮುಠಾ ಹೊಳೆಯ ಮೀನನ್ನು ನೋಡಿ ಸೈಕ್ಸ್ ಎಂಬಾತ 1839ರಲ್ಲಿ ಇದನ್ನು ವರ್ಣಿಸಿದ. ಆ ಹೊಳೆಯ ನೀರು ಭೀಮೆಗೆ ಸೇರಿ, ಭೀಮೆ ಕೃಷ್ಣೆಗೆ ಸೇರಿ, ಕಡೆಗೆ ನಮ್ಮ ಭವಾನಿಪುರಂನ ಮುಂದೆ ಹರಿಯುತ್ತದೆ. 1970ರ ದಶಕದಿಂದ ಲೋಣಾವಳದ ಟಾಟಾ ವಿದ್ಯುತ್ ಕಂಪನಿಯ ಸಾಕಣೆ ಕೇಂದ್ರದಲ್ಲಿ ಇದರ ಮರಿಗಳನ್ನು ಲಕ್ಷಗಟ್ಟಲೆ ಎಬ್ಬಿಸಿ ಬೇರೆ ಬೇರೆ ರಾಜ್ಯಗಳಿಗೆ ಹಂಚಲಾಯಿತು. ಹಂಚಿದವರ ಉದ್ದೇಶ ಒಳ್ಳೆಯದೇ. ಮಹಶೀರು ಕಡಿಮೆಯಾಗುತ್ತಿದೆ, ಉಳಿಸೋಣ ಎಂಬುದು. ಆದರೆ ಮಹಶೀರೆಂದರೆ ಎಲ್ಲ ಒಂದೇ ಎಂದು ಬಗೆದು ಕಾವೇರಿಗೂ ಇದೇ ಮರಿಗಳನ್ನು ಸುರಿದರಲ್ಲ, ಅಲ್ಲಿಯೇ ಎಡವಿದ್ದು.

ಇದನ್ನು ಕಂಡುಹಿಡಿದದ್ದು ಸರ್ಕಾರಿ ಕಡತವಲ್ಲ, ಗಾಳ ಹಾಕುವವರ ದಿನಚರಿ ಪುಸ್ತಕ. ಗಾಲಿಬೋರೆಯ ಶಿಬಿರದಲ್ಲಿ ಹಿಡಿದ ಪ್ರತಿ ಮೀನನ್ನೂ ತೂಗಿ, ಬರೆದಿಟ್ಟು, ಮತ್ತೆ ನೀರಿಗೆ ಬಿಡುವ ರೂಢಿ ಇತ್ತು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು 2015ರಲ್ಲಿ ಪ್ರಕಟಿಸಿದರು. 23 ಸಾವಿರ ಗಂಟೆಗೂ ಮಿಕ್ಕಿದ ಗಾಳದ ದುಡಿಮೆ, 6 ಸಾವಿರಕ್ಕೂ ಮಿಕ್ಕಿದ ಮೀನು. ವರ್ಷದಿಂದ ವರ್ಷಕ್ಕೆ ಸಿಕ್ಕುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಏರಿದ್ದೆಲ್ಲ ನೀಲಿ ರೆಕ್ಕೆ. ಗೂನುಬೆನ್ನು ಅಪರೂಪವಾಗುತ್ತ ಬಂದಿತ್ತು. ಮೀನು ಹೆಚ್ಚಿತೆಂದು ಹಿಗ್ಗುತ್ತಿದ್ದವರ ಕಣ್ಣೆದುರಿಗೇ ಮನೆಯ ಯಜಮಾನ ಮಾಯವಾಗುತ್ತಿದ್ದ.

ಅಣೆಕಟ್ಟು, ಮರಳು ದಂಧೆ, ತೋಟೆ ಸಿಡಿಸಿ ಮೀನು ಹಿಡಿಯುವ ಪಾಪ, ಇವೆಲ್ಲ ಕಾರಣವಲ್ಲವೇ ಎಂದು ಕೇಳುವವರಿದ್ದಾರೆ. ಖಂಡಿತ ಹೌದು. ಅಂಕಿಗಳೊಂದೇ ಅಪರಾಧಿಯನ್ನು ಹಿಡಿದುಕೊಡಲಾರವು ಎಂಬುದನ್ನೂ ಒಪ್ಪುತ್ತೇವೆ. ಆದರೆ ತೋಟೆಗೆ ರೆಕ್ಕೆಯ ಬಣ್ಣ ತಿಳಿಯುವುದಿಲ್ಲ, ಅಣೆಕಟ್ಟಿಗೂ ತಿಳಿಯುವುದಿಲ್ಲ. ಒಂದೇ ನೀರಿನಲ್ಲಿ, ಒಂದೇ ಕಷ್ಟದಲ್ಲಿ, ಒಂದು ಜಾತಿ ಏರಿ ಇನ್ನೊಂದು ಇಳಿಯುವುದಾದರೆ, ವರ್ಷವರ್ಷವೂ ಹೊರಗಿನಿಂದ ಮರಿ ಸುರಿದು ಒಂದರ ಕೈ ಬಲಪಡಿಸಿದ್ದನ್ನು ಲೆಕ್ಕಕ್ಕೆ ಹಿಡಿಯದಿರಲು ಸಾಧ್ಯವೇ?

ಬೇರೆ ದೇಶದವರೂ ಈ ಪಾಠವನ್ನು ದುಬಾರಿ ಬೆಲೆಗೆ ಕಲಿತಿದ್ದಾರೆ. ಲೇಕ್ ಟ್ರೌಟ್ ಎಂಬ ಮೀನು ಉತ್ತರ ಅಮೆರಿಕದ ಮಹಾಸರೋವರಗಳ ಮೂಲನಿವಾಸಿ. ಅಲ್ಲಿ ಅದು ಕುಸಿದಾಗ ಮತ್ತೆ ತುಂಬಲು ಹೆಣಗಾಡಿದರು. ಅದೇ ಮೀನು ಯಾರದೋ ಕೈಯಿಂದ ಯೆಲ್ಲೋಸ್ಟೋನ್ ಸರೋವರ ಸೇರಿರುವುದು 1994ರಲ್ಲಿ ಬೆಳಕಿಗೆ ಬಂತು. ಅಲ್ಲಿನ ಸ್ವಂತ ಟ್ರೌಟನ್ನು ಅದು ತಿಂದುಹಾಕತೊಡಗಿತು. ಈಗ ವರ್ಷವರ್ಷವೂ ಬಲೆ ಬೀಸಿ ಅದನ್ನು ಲಕ್ಷಗಟ್ಟಲೆ ತೆಗೆಯುತ್ತಿದ್ದಾರೆ. ಒಂದೂರಿನ ಕುಲದೇವತೆ ಇನ್ನೊಂದೂರಿನ ಮಾರಿ! ನಮ್ಮ ಹಳ್ಳಿಯ ಹಿರಿಯರಿಗೆ ತಿಳಿದಿದ್ದ ಈ ಮಾತನ್ನು ಮರಿ ಬಿತ್ತನೆಯವರಿಗೆ ಹೇಳಿಕೊಡುವವರು ಯಾರು?

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಹೊರಗಿನಿಂದ ಬಂದವರು ಮನೆಯವರನ್ನು ಓಡಿಸಿದರು’ ಎಂಬ ದೂರನ್ನು ಕೇಳಿದಾಗ ಹೊರನಾಡಿನಲ್ಲಿ ಬದುಕು ಕಟ್ಟಿದ ನಮಗೆ ಮೈ ಜುಮ್ಮೆನ್ನುತ್ತದೆ. ನಾವೂ ವಲಸೆ ಬಂದವರೇ. ಆದರೆ ನಾವು ನಮ್ಮ ಕಾಲ ಮೇಲೆ ಬಂದೆವು, ನೆರೆಯವರ ಭಾಷೆ ಕಲಿತೆವು, ಅವರ ತಟ್ಟೆಗೆ ಕೈ ಹಾಕಲಿಲ್ಲ. ಮೀನಿಗೆ ಆ ವಿವೇಕವನ್ನು ಆರೋಪಿಸಲಾಗದು. ನೀಲಿ ರೆಕ್ಕೆಯ ಮೇಲೆ ನಮಗೆ ಮುನಿಸಿಲ್ಲ. ಕೃಷ್ಣೆಯಲ್ಲಿ ಅದು ಬಾಳಲಿ, ಬೆಳೆಯಲಿ. ನಮ್ಮ ಮುನಿಸು ಅದನ್ನು ಡಬ್ಬದಲ್ಲಿ ತುಂಬಿಕೊಂಡು ಹೋಗಿ ಕೇಳದೆ ಹೇಳದೆ ಕಾವೇರಿಗೆ ಸುರಿದ ಕೈಗಳ ಮೇಲೆ, ಸುರಿದ ಮೇಲೆ ತಿರುಗಿ ನೋಡದ ಕಣ್ಣುಗಳ ಮೇಲೆ.

ಕಾವೇರಿ ವನ್ಯಧಾಮದೊಳಗೆ ಗಾಳದ ಶಿಬಿರಗಳು ಮುಚ್ಚಿದವು. ವನ್ಯಜೀವಿಗಳಿರುವಲ್ಲಿ ಮೋಜಿಗೆ ಮೀನು ಹಿಡಿಯಬಾರದು ಎಂಬ ವಾದದಲ್ಲಿ ಹುರುಳಿದೆ, ಅಲ್ಲಗಳೆಯುವುದಿಲ್ಲ. ಆದರೆ ಶಿಬಿರದೊಂದಿಗೆ ಆ ದಿನಚರಿ ಪುಸ್ತಕವೂ ಮುಚ್ಚಿತು. ಹರಿಗೋಲು ಹಾಕುತ್ತ, ತೋಟೆಯವರ ಮೇಲೆ ಕಣ್ಣಿಟ್ಟಿದ್ದ ದಂಡೆಯ ಹುಡುಗರ ಕೆಲಸವೂ ಹೋಯಿತು. ಕಾವಲುಗಾರನ ಚಟ ಸರಿಯಿಲ್ಲವೆಂದು ಅವನನ್ನು ಬಿಡಿಸಿದವರು ಬದಲಿ ಕಾವಲುಗಾರನನ್ನು ಇಡಬೇಡವೇ?

ನಮ್ಮ ಒತ್ತಾಯಗಳು ಹೆಚ್ಚಿಲ್ಲ. ಒಂದು, ಕಾವೇರಿ ಮತ್ತು ಅದರ ಉಪನದಿಗಳಿಗೆ ನೀಲಿ ರೆಕ್ಕೆಯ ಒಂದು ಮರಿಯೂ ಇನ್ನು ಬೀಳಕೂಡದು. ಎರಡು, ಮೋಯಾರಿನಂಥ ಕಡೆ ಅಳಿದುಳಿದಿರುವ ಗೂನುಬೆನ್ನಿನ ಮೀನುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕು. ಮರಿ ಎಬ್ಬಿಸುವುದಾದರೆ ಜಾತಿಯನ್ನು ಪರೀಕ್ಷಿಸಿದ ಮೇಲೆಯೇ ಎಬ್ಬಿಸಬೇಕು. ಮೂರು, ದಂಡೆಯ ಜನಕ್ಕೆ ಸಂಬಳ ಕೊಟ್ಟು ಲೆಕ್ಕದ ಪುಸ್ತಕವನ್ನು ಮತ್ತೆ ತೆರೆಯಬೇಕು. ನಾಲ್ಕು, ಮೇಕೆದಾಟು ಯೋಜನೆಯ ಮಾತಾಡುವ ಎರಡೂ ರಾಜ್ಯದವರು ಟಿಎಂಸಿ ಎಣಿಸುವಾಗ, ಆ ಕಮರಿಯ ಹರಿಯುವ ನೀರನ್ನೇ ನಂಬಿದ ಈ ಮೀನನ್ನೂ ಒಮ್ಮೆ ಎಣಿಸಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ನಮ್ಮ ನೆರೆಯ ತೆಲುಗರು ಮಾಂಗಲ್ಯ ಮಾರಿಯಾದರೂ ಪುಲಸ ತಿನ್ನಬೇಕು ಎನ್ನುತ್ತಾರೆ. ಆ ಪುಲಸ ಗೋದಾವರಿಯಲ್ಲಿ ವಿರಳವಾಗುತ್ತಿದೆಯೆಂದು ಮನೆಮನೆಯಲ್ಲಿ ಕೊರಗುತ್ತಾರೆ. ಬಿಳಿಮೀನಿಗಾಗಿ ಕೊರಗುವ ಒಂದು ಕನ್ನಡ ಮನೆಯನ್ನು ನಾವು ಕಂಡಿಲ್ಲ. ಬೇಸಿಗೆ ರಜೆಯಲ್ಲಿ ಮುತ್ತತ್ತಿಗೋ ರಾಮನಾಥಪುರಕ್ಕೋ ಹೋದಾಗ ಮಕ್ಕಳಿಗೆ ಈ ಕಥೆ ಹೇಳೋಣ. ಮನೆಯ ಗಾಜಿನ ತೊಟ್ಟಿಯ ಮೀನು ಸಾಕಾಯಿತೆಂದು, ಪುಣ್ಯ ಬರುತ್ತದೆಂದು, ಅದನ್ನು ಘಾಟಿಗೆ ತಂದು ಬಿಡುವ ಅಭ್ಯಾಸವಿದ್ದರೆ ಇಂದೇ ಬಿಡೋಣ. 1952ರಲ್ಲಿ ದೇಶಕ್ಕೆ ತಂದ ಜಿಲೇಬಿ ಮೀನು ಕೆರೆಕೆರೆಗಳಲ್ಲಿ ಮಾಡಿರುವ ಹಾವಳಿ ಸಾಲದೇ? ನಮ್ಮ ಸಂಘದ ಮುಂದಿನ ಸಭೆಯಲ್ಲಿ ಮೇಲಿನ ನಾಲ್ಕು ಬೇಡಿಕೆಗಳನ್ನು ನಿರ್ಣಯವಾಗಿ ಅಂಗೀಕರಿಸಿ ಕರ್ನಾಟಕದ ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳಿಗೆ ಕಳುಹಿಸೋಣ.

ರಾಜ್ಯೋತ್ಸವದಂದು ಕಾವೇರಿಗೆ ಜೈ ಎನ್ನಲು ನಮ್ಮ ಗಂಟಲಿಗೆ ದಣಿವಿಲ್ಲ. ಆ ಕಾವೇರಿಯಲ್ಲಿ ಮಾತ್ರ ಹುಟ್ಟಿ, ಬೇರೆ ಯಾವ ನದಿಯನ್ನೂ ತನ್ನದೆನ್ನದ ಜೀವಕ್ಕೆ ಎರಡು ಸಾಲಿನ ಮನವಿಯನ್ನಾದರೂ ಬರೆಯದಿದ್ದರೆ ಆ ಜೈಕಾರಕ್ಕೆ ಅರ್ಥವೇನು?