ಸ್ಟಾಫ್ ರೂಮ್ ಚಹಾ: ಸಮಪಾಲು ಅಂದರೆ ನ್ಯಾಯವೇ?

ಈ ವರ್ಷ ಆಂತರಿಕ ಅಂಕಗಳ ಪ್ರಾಜೆಕ್ಟಿಗೆ ಯಾವ ವಿಷಯ ತೆಗೆದುಕೊಳ್ಳಲಿ ಎಂದು ಕೇಳಲು ಹೋದಾಗ ನಮ್ಮ ಅಕೌಂಟೆನ್ಸಿ ಸರ್ ಸ್ಟಾಫ್ ರೂಮಿನ ಕಪಾಟಿನಿಂದ ಒಂದು ಉದ್ದನೆಯ ನೋಟ್‌ಬುಕ್ ತೆಗೆದು ಕೊಟ್ಟರು. ಅದು ಉಪನ್ಯಾಸಕರ ಚಹಾ-ಕಾಫಿಯ ಲೆಕ್ಕದ ಪುಸ್ತಕ. "ಎರಡು ತಿಂಗಳು ನೀನೇ ಬರಿ. ಫಸ್ಟ್ ಪಿಯುಸಿಯಲ್ಲಿ ಚಿಲ್ಲರೆ ನಗದು ಪುಸ್ತಕ ಓದಿದ್ದೀಯಲ್ಲ, ಈಗ ಮಾಡಿ ಕಲಿ" ಎಂದರು.

ನನಗೆ ಖುಷಿಯಾಯಿತು. ನಮ್ಮ ಅಬ್ಬಾ ಬಸ್‌ಸ್ಟ್ಯಾಂಡ್ ಹತ್ತಿರ ಚಹಾ ಅಂಗಡಿ ಇಟ್ಟಿದ್ದಾರೆ. ಒಂದು ಲೀಟರ್ ಹಾಲಿಗೆ ಎಷ್ಟು ಲೋಟ ಆಗುತ್ತದೆ, ಎಷ್ಟು ನೀರು ಹಾಕಿದರೆ ಗಿರಾಕಿ ಮುಖ ಸಿಂಡರಿಸುತ್ತಾನೆ ಎಂಬುದು ನನಗೆ ಹೈಸ್ಕೂಲಿನಿಂದಲೇ ಗೊತ್ತು. ಈ ಪ್ರಾಜೆಕ್ಟ್ ಸುಲಭ ಅಂದುಕೊಂಡೆ. ಎರಡು ತಿಂಗಳ ನಂತರ ಲೆಕ್ಕ ತಾಳೆಯಾಯಿತು, ಒಂದು ರೂಪಾಯಿಯೂ ಹೆಚ್ಚುಕಡಿಮೆ ಇರಲಿಲ್ಲ. ಆದರೂ ಲೆಕ್ಕದಲ್ಲಿ ಏನೋ ತಪ್ಪಿದೆ ಅನ್ನಿಸಿತು. ಆ ತಪ್ಪು ಏನು ಎಂದು ಹೇಳಲು ಈ ಲೇಖನ. ಸರ್ ಓದಿ ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಕೊಡುತ್ತಿದ್ದೇನೆ. ಇದು ಯಾರ ಮೇಲಿನ ದೂರೂ ಅಲ್ಲ.

ಪದ್ಧತಿ ಸರಳ. ತಿಂಗಳ ಖರ್ಚನ್ನು ತಲೆಗೆ ಸಮನಾಗಿ ಹಂಚುತ್ತಾರೆ. ಒಂದನೇ ತಾರೀಕಿಗೆ ಕೊಡಬೇಕು. ಕೊಡದವರ ಹೆಸರನ್ನು ಕಪಾಟಿನ ಬಾಗಿಲ ಒಳಗಡೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಾರೆ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಹೆಚ್ಚಾದ ಮೇಲೆ ಎಲ್ಲರ ಪಾಲೂ ಸ್ವಲ್ಪ ಏರಿದೆ.

ಇದರಲ್ಲಿ ತಪ್ಪೇನು ಎಂದು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಹಾಳೆಯಲ್ಲಿ ಒಂದೇ ಹೆಸರು ಎರಡು ತಿಂಗಳು ಬಂತು. ಮೂರನೇ ತಿಂಗಳು ಆ ಹೆಸರೇ ಪುಸ್ತಕದಿಂದ ಹೋಯಿತು. ಅವರು ನಮ್ಮ ಅತಿಥಿ ಉಪನ್ಯಾಸಕರಲ್ಲಿ ಒಬ್ಬರು. "ನನಗೆ ಗ್ಯಾಸ್ಟ್ರಿಕ್, ಚಾ ಬಿಟ್ಟುಬಿಟ್ಟೆ, ನನ್ನ ಹೆಸರು ತೆಗಿ" ಎಂದು ನಗುತ್ತಾ ಹೇಳಿದರು. ನಾನು ತೆಗೆದೆ. ಆಮೇಲೆ ಹನ್ನೊಂದು ಗಂಟೆಯ ಬಿಡುವಿನಲ್ಲಿ ಅವರು ಸ್ಟಾಫ್ ರೂಮಿಗೆ ಬರುವುದನ್ನೇ ಬಿಟ್ಟರು. ಲೈಬ್ರರಿಯಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದರು.

ಒಂದು ದಿನ ಅಬ್ಬಾ ರಾತ್ರಿ ಊಟದ ಹೊತ್ತಿಗೆ ಹೇಳಿದರು: "ನಿಮ್ಮ ಕಾಲೇಜಿನ ಒಬ್ಬರು ಸರ್ ಸಂಜೆ ಬಸ್ಸಿಗೆ ಮುಂಚೆ ನಮ್ಮಲ್ಲೇ ಚಾಯ್ ಕುಡೀತಾರೆ. ಒಳ್ಳೆಯವರು. ಚಿಲ್ಲರೆ ಎಣಿಸಿಯೇ ಕೊಡ್ತಾರೆ." ಯಾರು ಎಂದು ನನಗೆ ಗೊತ್ತಾಯಿತು. ಗ್ಯಾಸ್ಟ್ರಿಕ್ ಇರಲಿಲ್ಲ.

ಆ ಸರ್ ಹತ್ತಿರ ಹೋಗಿ ಇದನ್ನು ಬರೆಯಬಹುದಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ನನ್ನ ಸಬ್ಜೆಕ್ಟ್ ಹೆಸರು ಹಾಕಬೇಡ" ಎಂದರು. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ, ಸಬ್ಜೆಕ್ಟೂ ಇಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಕಾಲೇಜಿನ ನಿಜವಾದ ಅಂಕಿ ಇಲ್ಲಿ ಹಾಕುವುದು ಸರಿಯಲ್ಲ. ಅದಕ್ಕೆ ಹತ್ತಿರದ ದುಂಡು ಅಂಕಿ ಇಟ್ಟುಕೊಳ್ಳೋಣ. ಹನ್ನೆರಡು ಜನ ಉಪನ್ಯಾಸಕರು: ಎಂಟು ಜನ ಪೂರ್ಣಾವಧಿ, ನಾಲ್ಕು ಜನ ಅತಿಥಿ. ತಿಂಗಳ ಖರ್ಚು 3,600 ರೂಪಾಯಿ. ತಲೆಗೆ 300. ಕೆಲಸದ ದಿನ 24. ದಿನಕ್ಕೆ ಎರಡು ಸಲ ಚಹಾ.

ಪೂರ್ಣಾವಧಿಯವರು ತಿಂಗಳಿಗೆ 48 ಲೋಟ ಕುಡಿಯುತ್ತಾರೆ. ಅವರಿಗೆ ಒಂದು ಲೋಟಕ್ಕೆ ಬೀಳುವುದು 6 ರೂಪಾಯಿ 25 ಪೈಸೆ. ಅತಿಥಿ ಉಪನ್ಯಾಸಕರಿಗೆ ವಾರದಲ್ಲಿ ಮೂರು ದಿನ ಮಾತ್ರ ಕ್ಲಾಸು. ತಿಂಗಳಿಗೆ 12 ದಿನ, 24 ಲೋಟ. ಅವರಿಗೆ ಒಂದು ಲೋಟಕ್ಕೆ 12 ರೂಪಾಯಿ 50 ಪೈಸೆ. ಸರಿಯಾಗಿ ಎರಡರಷ್ಟು! ಹೊರಗಿನ ಅಂಗಡಿಯ ದರವೂ ಹೆಚ್ಚುಕಡಿಮೆ ಅಷ್ಟೇ. ಅಂಗಡಿಯಲ್ಲಾದರೆ ಕುಡಿದ ದಿನ ಕೊಟ್ಟರಾಯಿತು, ಒಂದನೇ ತಾರೀಕಿಗೆ ಒಟ್ಟಿಗೆ ಕೊಡಬೇಕಾಗಿಲ್ಲ, ಬಾಗಿಲ ಮೇಲೆ ಹೆಸರೂ ಬರುವುದಿಲ್ಲ. ಕಾಮರ್ಸ್ ಓದುವವರು ಯಾರಾದರೂ ಆ ಸರ್ ಮಾಡಿದ್ದೇ ಸರಿ ಎನ್ನುತ್ತಾರೆ.

ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ನಮ್ಮ ಆಯಮ್ಮ ಮತ್ತು ಅಟೆಂಡರ್ ಅಣ್ಣನ ಹೆಸರು ಪುಸ್ತಕದಲ್ಲಿ ಇಲ್ಲ. ಚಹಾ ಮಾಡುವವರು ಆಯಮ್ಮ, ಟ್ರೇ ಹಿಡಿದು ಹಂಚುವವರು ಅಣ್ಣ. ಎಲ್ಲರಿಗೂ ಕೊಟ್ಟ ಮೇಲೆ ಪಾತ್ರೆಯಲ್ಲಿ ಉಳಿದಿದ್ದನ್ನು ಅವರಿಬ್ಬರು ಕುಡಿಯುತ್ತಾರೆ. ದಿನಾ ಹೇಗೆ ಉಳಿಯುತ್ತದೆ ಎಂದು ಯೋಚಿಸಿದೆ. ಹಾಲು ದಿನಾ ಹನ್ನೆರಡು ಜನರ ಅಳತೆಗೇ ಬರುತ್ತದೆ. ಅತಿಥಿಗಳು ನಾಲ್ವರೂ ತಿಂಗಳಿಗೆ 12 ದಿನ ಇರುವುದಿಲ್ಲ. ನಾಲ್ಕು ಜನ, 12 ದಿನ, ಎರಡು ಲೋಟ: 96 ಲೋಟ. ಆಯಮ್ಮ ಮತ್ತು ಅಣ್ಣ 24 ದಿನ, ಎರಡೆರಡು ಲೋಟ: ಅದೂ 96 ಲೋಟ. ಅಂದರೆ ಕಾಲೇಜಿನಲ್ಲಿ ಅತಿ ಕಡಿಮೆ ಸಂಬಳದವರ ಚಹಾದ ದುಡ್ಡನ್ನು ಇಷ್ಟು ದಿನ ಕೊಡುತ್ತಿದ್ದವರು ಅವರ ನಂತರ ಅತಿ ಕಡಿಮೆ ಪಡೆಯುವವರು. ಇದು ಯಾರೂ ಬೇಕು ಅಂತ ಮಾಡಿದ್ದಲ್ಲ. ಕೊಟ್ಟವರಿಗೂ ಗೊತ್ತಿರಲಿಲ್ಲ, ಕುಡಿದವರಿಗೂ ಗೊತ್ತಿರಲಿಲ್ಲ.

ಅತಿಥಿ ಉಪನ್ಯಾಸಕರ ಸ್ಥಿತಿ ನಮ್ಮ ಕಾಲೇಜಿನದು ಮಾತ್ರ ಅಲ್ಲ. 2023ರ ಕೊನೆಯಲ್ಲಿ ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವಾ ಭದ್ರತೆ ಕೇಳಿ ತರಗತಿ ಬಿಟ್ಟು ಧರಣಿ ಕುಳಿತಿದ್ದು ಎಲ್ಲರಿಗೂ ನೆನಪಿದೆ. ಅದನ್ನು ಸರಿಮಾಡುವುದು ನಮ್ಮ ಕೈಯಲ್ಲಿ ಇಲ್ಲ. ಚಹಾದ ಪುಸ್ತಕ ನಮ್ಮ ಕೈಯಲ್ಲಿ ಇದೆ.

"ಒಂದು ಲೋಟ ಚಹಾಕ್ಕೆ ಇಷ್ಟೆಲ್ಲ ಮಾತಾ?" ಎಂದು ನನ್ನ ಕ್ಲಾಸಿನವರೇ ಕೇಳಿದರು. ನಮ್ಮ ಸೀಮೆಯಲ್ಲಿ ಕೇಳಬಾರದ ಪ್ರಶ್ನೆ ಇದು. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಊರು ಎಂದರೆ ಆಗುಂಬೆ ಜೊತೆ ಹುಲಿಕಲ್ ಹೆಸರೂ ಬರುತ್ತದೆ. ಜುಲೈ ತಿಂಗಳಲ್ಲಿ ಹುಲಿಕಲ್ ಘಾಟಿ ಕಡೆಯಿಂದ, ಮಾಸ್ತಿಕಟ್ಟೆ, ನಗರ ಕಡೆಯಿಂದ ಬರುವವರು ಕಾಲೇಜು ಮುಟ್ಟುವಾಗ ಕೊಡೆ ಇದ್ದರೂ ಮೊಣಕಾಲಿನವರೆಗೆ ಒದ್ದೆ. ಕರೆಂಟ್ ಇರುವುದಿಲ್ಲ. ಆಗ ಸ್ಟಾಫ್ ರೂಮಿನಲ್ಲಿ ಬಿಸಿ ಇರುವುದು ಆ ಪಾತ್ರೆಯೊಂದೇ. ಅಷ್ಟೇ ಅಲ್ಲ, ಯಾವ ಹುಡುಗ ನಾಲ್ಕು ದಿನದಿಂದ ಬಂದಿಲ್ಲ, ಯಾರ ಮನೆಯಲ್ಲಿ ತೊಂದರೆ, ಯಾವ ಸೆಕ್ಷನ್ ಹಿಂದೆ ಬಿದ್ದಿದೆ ಎಂಬ ಮಾತೆಲ್ಲ ಆಗುವುದು ಆ ಹತ್ತು ನಿಮಿಷದಲ್ಲಿ. ಚಹಾ ಬಿಟ್ಟವರು ಆ ಮಾತಿನಿಂದಲೂ ಹೊರಗೆ ಉಳಿಯುತ್ತಾರೆ. ಅದರ ನಷ್ಟ ವಿದ್ಯಾರ್ಥಿಗಳಾದ ನಮಗೂ ಇದೆ. ನಾನು ಬರೆಯಲು ಅದೂ ಒಂದು ಕಾರಣ.

ಹಾಗಾದರೆ ಪರಿಹಾರ ಏನು? ಮೂರು ದಾರಿ ಯೋಚಿಸಿದೆ.

ಮೊದಲನೆಯದು, ಕುಡಿದಷ್ಟಕ್ಕೆ ಕೊಡುವುದು. ಹೆಸರಿನ ಮುಂದೆ ಗೀಟು ಹಾಕಿ ತಿಂಗಳ ಕೊನೆಗೆ ಎಣಿಸುವುದು. ಕೇಳಲು ನ್ಯಾಯವಾಗಿದೆ. ಆದರೆ ಕಳೆದ ವರ್ಷ ಅಬ್ಬಾ ನನ್ನ ಫೀಸು ಕಟ್ಟಲು ಮಳೆಯಲ್ಲಿ ನೆನೆದು ಬಂದಾಗ ಒಬ್ಬರು ಮೇಡಂ ಕೂರಿಸಿ ಚಹಾ ಕೊಟ್ಟರು. ಜೀವನಪೂರ್ತಿ ಬೇರೆಯವರಿಗೆ ಚಹಾ ಕೊಟ್ಟ ಅಬ್ಬಾ ಆ ಲೋಟದ ವಿಷಯವನ್ನು ಅಮ್ಮಿಗೆ ಎರಡು ಸಲ ಹೇಳಿದರು. ಗೀಟಿನ ಪದ್ಧತಿ ಇದ್ದಿದ್ದರೆ ಆ ಲೋಟ ಯಾರ ಹೆಸರಿಗೆ? ಲೋಟ ಎಣಿಸಲು ಶುರು ಮಾಡಿದರೆ ಯಾರೂ ಯಾರಿಗೂ "ಬನ್ನಿ, ಚಹಾ ಕುಡಿಯಿರಿ" ಅನ್ನುವುದಿಲ್ಲ. ಅದು ಬೇಡ.

ಎರಡನೆಯದು, ಸಂಬಳದ ಪ್ರಕಾರ ಕೊಡುವುದು. ನನಗೆ ಮೊದಲು ಇದೇ ಇಷ್ಟವಾಗಿತ್ತು. ಝಕಾತ್ ಲೆಕ್ಕ ಗೊತ್ತಿರುವವರಿಗೆ ಇದು ಹೊಸದಲ್ಲ: ಇದ್ದವರು ಮಾತ್ರ, ಇದ್ದದ್ದರಲ್ಲಿ ಶೇ 2.5. ಆದರೆ ಅಮ್ಮಿ ಕೇಳಿದರು, "ಯಾರ ಸಂಬಳ ಎಷ್ಟು ಅಂತ ಎಲ್ಲರ ಮುಂದೆ ಕೇಳ್ತೀಯಾ? ಕಡಿಮೆ ಇದ್ದವರ ಮುಖ ಏನಾಗುತ್ತೆ?" ಅಮ್ಮಿ ಹೇಳಿದ್ದು ಸರಿ. ಚಹಾ ಕುಡಿಯಲು ಯಾರೂ ತಮ್ಮ ಬಡತನ ಹೇಳಿಕೊಳ್ಳಬೇಕಾಗಿ ಬರಬಾರದು.

ಮೂರನೆಯದು, ದಿನದ ಪ್ರಕಾರ ಕೊಡುವುದು. ವಾರದಲ್ಲಿ ಆರು ದಿನ ಬರುವವರಿಗೆ ಎರಡು ಭಾಗ, ಮೂರು ದಿನ ಬರುವವರಿಗೆ ಒಂದು ಭಾಗ. ಇಲ್ಲಿ ಯಾರ ಸಂಬಳವನ್ನೂ ಕೇಳಬೇಕಿಲ್ಲ, ಟೈಮ್ ಟೇಬಲ್ ನೋಡಿದರೆ ಸಾಕು. ಯಾರೂ ಯಾರಿಗೂ ರಿಯಾಯಿತಿ ಕೊಟ್ಟಂತೆ ಆಗುವುದಿಲ್ಲ. ಇದರ ಜೊತೆಗೆ ಗ್ಯಾಸ್, ಫ್ಲಾಸ್ಕ್, ಲೋಟ ಇವುಗಳ ಖರ್ಚನ್ನು ಆಡಳಿತ ಮಂಡಳಿ ವಹಿಸಿಕೊಳ್ಳಬೇಕು ಎಂದು ನನ್ನ ವಿನಂತಿ. ಇಬ್ಬರು ಕುಡಿದರೂ ಇಪ್ಪತ್ತು ಜನ ಕುಡಿದರೂ ಒಲೆ, ಲೋಟ ಬೇಕೇ ಬೇಕು. ಕಂಪನಿಗಳ ಲೆಕ್ಕದಲ್ಲಿ ನೌಕರರ ಕಲ್ಯಾಣ ವೆಚ್ಚ ಎಂದು ತೋರಿಸುವುದು ಇಂಥದ್ದನ್ನೇ.

ಈಗ ಅದೇ ಅಂಕಿಗಳನ್ನು ಹಾಕಿ ನೋಡಿ. 3,600ರಲ್ಲಿ ಗ್ಯಾಸ್ ಮತ್ತು ಲೋಟದ ಬಾಬ್ತು 600 ಮಂಡಳಿಯದು ಎಂದುಕೊಳ್ಳೋಣ. ಉಳಿದಿದ್ದು 3,000. ಪೂರ್ಣಾವಧಿ ಎಂಟು ಜನಕ್ಕೆ 16 ಭಾಗ, ಅತಿಥಿ ನಾಲ್ವರಿಗೆ 4 ಭಾಗ, ಒಟ್ಟು 20. ಒಂದು ಭಾಗಕ್ಕೆ 150. ಪೂರ್ಣಾವಧಿಯವರು ಕೊಡುವುದು ಮೊದಲಿನಂತೆ 300, ಒಂದು ರೂಪಾಯಿಯೂ ಹೆಚ್ಚಿಲ್ಲ. ಅತಿಥಿಗಳು 150. ಈಗ ಎಲ್ಲರಿಗೂ ಒಂದು ಲೋಟಕ್ಕೆ 6 ರೂಪಾಯಿ 25 ಪೈಸೆಯೇ. ಆಯಮ್ಮ ಮತ್ತು ಅಣ್ಣನ 96 ಲೋಟವೂ ಇದರಲ್ಲೇ ಬಂತು. ಇನ್ನು ಅವರ ಹೆಸರನ್ನೂ ಪುಸ್ತಕದಲ್ಲಿ ಬರೆಯೋಣ, ಪಾಲಿನ ಜಾಗದಲ್ಲಿ ಸೊನ್ನೆ ಹಾಕೋಣ. ಉಳಿದಿದ್ದನ್ನು ಕುಡಿಯುವುದು ಬೇರೆ, ತಮ್ಮ ಲೋಟ ಕುಡಿಯುವುದು ಬೇರೆ.

ಬಾಗಿಲ ಮೇಲಿನ ಹಾಳೆ ತೆಗೆಯಬೇಕು ಎಂಬುದು ನನ್ನ ಇನ್ನೊಂದು ಕೋರಿಕೆ. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಒಂದು ವಿಭಾಗದ ಕಾಫಿ ಕೋಣೆಯಲ್ಲಿ ಚಹಾ ಕುಡಿದವರು ತಾವೇ ಡಬ್ಬಿಗೆ ದುಡ್ಡು ಹಾಕಬೇಕಿತ್ತು. ಸಂಶೋಧಕರು ದರಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಇನ್ನೊಂದು ವಾರ ಮನುಷ್ಯರ ಕಣ್ಣಿನ ಚಿತ್ರ ಹಾಕಿ ನೋಡಿದರು. ಕಣ್ಣಿದ್ದ ವಾರಗಳಲ್ಲಿ ಸುಮಾರು ಮೂರು ಪಟ್ಟು ಹಣ ಬಂತು ಎಂದು 2006ರಲ್ಲಿ ಪ್ರಕಟಿಸಿದರು. ಯಾರೋ ನೋಡುತ್ತಿದ್ದಾರೆ ಅನ್ನಿಸಿದರೆ ಜನ ಕೊಡುತ್ತಾರೆ, ನಿಜ. ಆದರೆ ಅದು ಇದ್ದೂ ಕೊಡದವರಿಗೆ ಮದ್ದು. ಒಂದನೇ ತಾರೀಕಿಗೆ ಗೌರವಧನ ಕೈಗೆ ಬಾರದವರಿಗೆ ಆ ಹಾಳೆ ತೋರಿಸಿದರೆ ಅವರು ದುಡ್ಡು ಕೊಡುವುದಿಲ್ಲ, ಎದ್ದು ಹೋಗುತ್ತಾರೆ. ನಮ್ಮಲ್ಲಿ ಆಗಿದ್ದು ಅದೇ. ಒಂದನೇ ತಾರೀಕಿನ ಬದಲು ಅವರವರಿಗೆ ಹಣ ಬಂದ ವಾರದಲ್ಲಿ ಕೊಡಲಿ.

ನಮ್ಮ ಉಪನ್ಯಾಸಕರ ಮನಸ್ಸು ಸಣ್ಣದು ಎಂದು ಯಾರೂ ತಿಳಿಯಬಾರದು. ಅದೇ ಪುಸ್ತಕದಲ್ಲಿ ಹಿಂದಿನ ರಂಜಾನ್ ತಿಂಗಳ ಪುಟ ಇದೆ. ಉಪವಾಸ ಇದ್ದವರು ಒಂದು ಹನಿ ಚಹಾ ಕುಡಿಯದಿದ್ದರೂ ಉಳಿದವರಿಗೆ ಭಾರವಾಗಬಾರದು ಎಂದು ಪೂರ್ತಿ ಪಾಲು ಕೊಟ್ಟಿದ್ದಾರೆ. ಉಪವಾಸ ಇಲ್ಲದ ಸರ್, ಮೇಡಂಗಳು ಆ ತಿಂಗಳು ಚಹಾವನ್ನು ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಕುಡಿದಿದ್ದಾರೆ. ಇದನ್ನು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಇಂಥವರ ನಡುವೆಯೂ ಒಬ್ಬರು ಚಹಾ ಬಿಡುವಂತಾಯಿತು ಎಂದರೆ ಕೊರತೆ ಇರುವುದು ಮನಸ್ಸಿನಲ್ಲಿ ಅಲ್ಲ, ಮಾತಿನಲ್ಲಿ.

ಸೆಕೆಂಡ್ ಪಿಯುಸಿ ಪಾಲುದಾರಿಕೆ ಪಾಠದಲ್ಲಿ ನಾವು ಬಾಯಿಪಾಠ ಮಾಡುವ ಒಂದು ನಿಯಮ ಇದೆ. 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ, ಪಾಲುದಾರರ ನಡುವೆ ಒಪ್ಪಂದ ಇಲ್ಲದಿದ್ದರೆ ಲಾಭ-ನಷ್ಟ ಸಮಪಾಲು. ಪರೀಕ್ಷೆಗೆ ಇದನ್ನು ಎಷ್ಟೋ ಸಲ ಬರೆದಿದ್ದೇನೆ. ಅದರ ಅರ್ಥ ಚಹಾದ ಪುಸ್ತಕ ಬರೆದ ಮೇಲೆ ತಿಳಿಯಿತು. ಸಮಪಾಲು ಎಲ್ಲಕ್ಕಿಂತ ನ್ಯಾಯ ಎಂದು ಕಾಯ್ದೆ ಹೇಳುವುದಿಲ್ಲ. ನೀವು ಕೂತು ಮಾತಾಡಿಕೊಳ್ಳದಿದ್ದರೆ ಸಮಪಾಲು ಎಂದು ಹೇಳುತ್ತದೆ. ಮಾತಾಡಿಕೊಂಡವರು ಯಾವ ಅನುಪಾತ ಬೇಕಾದರೂ ಇಟ್ಟುಕೊಳ್ಳಬಹುದು.

ಆದ್ದರಿಂದ ಮುಂದಿನ ಸ್ಟಾಫ್ ಮೀಟಿಂಗ್‌ನಲ್ಲಿ ಹತ್ತು ನಿಮಿಷ ಈ ವಿಷಯಕ್ಕೆ ಕೊಡಬೇಕೆಂದು ಪ್ರಾಂಶುಪಾಲರನ್ನೂ ಎಲ್ಲ ಗುರುಗಳನ್ನೂ ಕೇಳಿಕೊಳ್ಳುತ್ತೇನೆ. ಆ ಮೀಟಿಂಗಿಗೆ ಅತಿಥಿ ಉಪನ್ಯಾಸಕರನ್ನೂ ಆಯಮ್ಮನನ್ನೂ ಅಟೆಂಡರ್ ಅಣ್ಣನನ್ನೂ ಕರೆಯಿರಿ. ನನ್ನ ಲೆಕ್ಕಕ್ಕಿಂತ ಒಳ್ಳೆಯ ಲೆಕ್ಕ ಅವರ ಹತ್ತಿರ ಇರಬಹುದು.

ನನ್ನ ಸಲಹೆ ಒಪ್ಪಿಗೆಯಾದರೆ ಅಬ್ಬಾನ ಅಂಗಡಿಗೆ ಒಬ್ಬ ಗಿರಾಕಿ ಕಡಿಮೆಯಾಗುತ್ತಾರೆ. ಅಬ್ಬಾಗೆ ಹೇಳಿದ್ದೇನೆ. "ಪರವಾಗಿಲ್ಲ, ಬರೀ" ಎಂದರು.